ಜೌಗಿನ ದಂಡೆಗೆ ಹಾಸಿದ ಕಂಬಳಿ

ಸಂಜೆ ಕೆಲಸ ಬಿಟ್ಟ ಮೇಲೆ ನಮ್ಮನ್ನು ಗೇಟಿನ ಹತ್ತಿರ ಸಾಲಾಗಿ ನಿಲ್ಲಿಸುತ್ತಿದ್ದರು. ಮೇಸ್ತ್ರಿ ಏಕಾಂತಪ್ಪ ಪೈಪು ಹಿಡಿಯುತ್ತಿದ್ದ. ಮೋಟರು ಹಾಕಿಸಿ ನಮ್ಮ ಮೇಲೆ ನೀರು ಬಿಡುತ್ತಿದ್ದ. ಮೊದಲು ಕಾಲಿಗೆ, ಆಮೇಲೆ ಸೊಂಟಕ್ಕೆ, ಆಮೇಲೆ ಅವನಿಗೆ ಎಲ್ಲಿ ಬೇಕೋ ಅಲ್ಲಿಗೆ. ಮೈಗೆ ಹತ್ತಿದ ಕಪ್ಪು ಕೆಸರು ಆಫೀಸಿನ ಮುಂದಿನ ಟೈಲ್ಸಿಗೆ ತಾಗಬಾರದು. ಅಷ್ಟೇ ವಿಷಯ.

"ತಿರುಗ್ರೇ, ಬೆನ್ನು ತೋರ್ಸ್ರಿ" ಅನ್ನುತ್ತಿದ್ದ. "ಕುರಿ ತೊಳಿಯೋ ಜನಕ್ಕೆ ತೊಳಿಸ್ಕಣಾಕೆ ಏನು ನಾಚ್ಕೆ?"

ಕುರಿಯನ್ನೂ ನಾವು ಹಾಗೆ ತೊಳೆಯುವುದಿಲ್ಲ. ಉಣ್ಣೆ ಕತ್ತರಿಸುವ ಮುಂಚೆ ಹಳ್ಳಕ್ಕೆ ಇಳಿಸುತ್ತೇವೆ. ಗದ್ದ ಎತ್ತಿ ಹಿಡಿದು, ಕಿವಿಗೆ ನೀರು ಹೋಗದ ಹಾಗೆ ತೊಳೆಯುತ್ತೇವೆ. ಅದು ಹೆದರಿದರೆ ಮಾತಾಡಿಸುತ್ತೇವೆ.

ಒಂದು ಸಂಜೆ ಆ ಪೈಪು ನನ್ನ ಸೊಸೆ ನಾಗಶ್ರೀಯ ಎದೆಯ ಮೇಲೆ ನಿಂತಿತು. ಅವಳು ಸಾಲು ಬಿಟ್ಟು ನಡೆದಳು. ಏಕಾಂತಪ್ಪನ ಕೈಯಿಂದ ಪೈಪು ಕಿತ್ತುಕೊಂಡಳು.

"ತಿರುಗು ಏಕಾಂತಣ್ಣ, ಬೆನ್ನು ತೋರ್ಸು."

ತಲೆಯಿಂದ ಕಾಲಿನ ತನಕ ತೋಯಿಸಿದಳು. ಅವನು ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮೊಬೈಲು ಆಕಾಶಕ್ಕೆ ಎತ್ತಿಕೊಂಡು ಗಿರಗಿರ ತಿರುಗಿದ. ಅಷ್ಟೂ ಹೆಂಗಸರು ನಕ್ಕೆವು. ಚಳಿಯಲ್ಲಿ ಹಲ್ಲು ಕಡಿಯುತ್ತಾ ನಕ್ಕೆವು. ಮಾರನೇ ದಿನದಿಂದ ನಾಗಶ್ರೀಗೆ ಕೆಲಸ ಇಲ್ಲ ಅಂದರು. ಪೈಪೂ ಅವತ್ತಿಗೇ ನಿಂತಿತು. ಟೈಲ್ಸಿನ ಮೇಲೆ ಗೋಣಿತಾಟು ಹಾಸಿದರು. ಇಷ್ಟು ಸುಲಭದ ಕೆಲಸ ಅದು. ಯಾರಿಗೂ ಹೊಳೆದಿರಲಿಲ್ಲ.

ನನ್ನ ಹೆಸರು ಏಕನಾಥಮ್ಮ. ನಮ್ಮ ಹಟ್ಟಿ ಇರುವುದು ಹೊಸದುರ್ಗದ ಕಡೆ, ಮಾರಿಕಣಿವೆ ಹಿನ್ನೀರಿಗಿಂತ ಮೇಲೆ, ಎರಡು ಗುಡ್ಡದ ನಡುವೆ. ಅಲ್ಲಿರುವವರೆಲ್ಲ ಕುರುಬರೇ. ಹಟ್ಟಿಯ ಮೇಲ್ಗಡೆ ಒಂದು ಜೌಗು. ಗುಡ್ಡದ ಬುಡದಲ್ಲಿ ಜುಳುಜುಳು ಹುಟ್ಟುವ ನೀರು ಎಲ್ಲಿಗೂ ಹೋಗದೆ ಅಲ್ಲೇ ನಿಲ್ಲುತ್ತದೆ. ಅದರಲ್ಲಿ ಆಳುದ್ದ ಜೊಂಡು ಬೆಳೆಯುತ್ತದೆ. ಬೆಳೆದದ್ದು ಬಿದ್ದು, ಅಲ್ಲೇ ಕೊಳೆತು, ಅದರ ಮೇಲೆ ಇನ್ನಷ್ಟು ಬೆಳೆದು, ನಮ್ಮ ಮುತ್ತಜ್ಜಿಯರ ಕಾಲದಿಂದ ಹೀಗೇ ಆಗಿ ಆಗಿ ನೆಲವೇ ಕಪ್ಪು ಹಾಸಿಗೆ ಆಗಿದೆ. ಒಂದು ಕಡೆ ಕಾಲಿಟ್ಟರೆ ಇನ್ನೊಂದು ಕಡೆ ನಡುಗುತ್ತದೆ. ಬೇಸಗೆಯಲ್ಲಿ ದುರ್ಗದ ಸೀಮೆಯೆಲ್ಲ ಹುರಿದ ಹಂಚಿನ ಹಾಗೆ ಇರುವಾಗ ಈ ಜೌಗಿನ ಅಂಚು ಮಾತ್ರ ಹಸಿರು. ಹಿರಿಯೂರು ಕಡೆಯ ಮಂದೆಗಳೂ ಇಲ್ಲಿಗೇ ಬರುತ್ತವೆ. ಜೌಗಿನ ಕೆಳಗೆ ಒಂದು ಒರತೆ ಇದೆ. ಹಟ್ಟಿಯ ಜನ ಕುಡಿಯುವುದು ಅದೇ ನೀರು.

ಇದನ್ನು ಸರ್ಕಾರದವರು ಉಪಯೋಗವಿಲ್ಲದ ಜಾಗ ಅಂತ ಬರೆದುಕೊಂಡು ಒಂದು ಕಂಪನಿಗೆ ಗುತ್ತಿಗೆ ಕೊಟ್ಟರು. ಕಂಪನಿ ಪಾಮಾಯಿಲ್ ಗಿಡ ಹಾಕಲು ಬಂತು.

ನಾನು ಆ ಗಿಡವನ್ನು ಬೈಯುವುದಿಲ್ಲ. ನಮ್ಮ ಮನೆಯ ಒಗ್ಗರಣೆಯೂ ಅದೇ ಎಣ್ಣೆ. ಐಮಂಗಲದ ಹೈವೇಯಲ್ಲಿ ಮಂಡಕ್ಕಿ ಜೊತೆ ಕೊಡುವ ಮೆಣಸಿನಕಾಯಿ ಬೇಯುವುದೂ ಅದರಲ್ಲೇ. ಚೆನ್ನಾಗಿರುತ್ತದೆ. ಆದರೆ ಆ ಗಿಡಕ್ಕೆ ನೀರು ಬೇಕು, ನಿಂತ ನೀರು ಬೇಡ. ಅದಕ್ಕೇ ಜೌಗನ್ನು ಬಸಿಯಬೇಕು ಅಂದರು. ಮೊದಲು ಬಡಗಣ ಅರ್ಧ. ಜೆಸಿಬಿ ತಂದರು. ಅದು ಒಳಗೆ ಇಳಿದು ಹೊಟ್ಟೆಯ ತನಕ ಹೂತುಕೊಂಡಿತು. ಅದನ್ನು ಎಳೆಯಲು ಇನ್ನೊಂದು ತಂದರು. ಅದೂ ಕೂತಿತು. ಆಗ ಅವರಿಗೆ ಹಟ್ಟಿಯ ಹೆಂಗಸರ ನೆನಪು ಬಂತು. ನಾವು ಹಗುರ. ಮುಳುಗಿದರೂ ಎತ್ತುವ ಖರ್ಚಿಲ್ಲ.

ಬಸಿಗಾಲುವೆ ತೋಡಿದವರು ನಾವು. ತೊಡೆಮಟ್ಟ ಕೆಸರಿನಲ್ಲಿ ನಿಂತು ಸಲಿಕೆ ಹಾಕುವುದು. ಸಲಿಕೆ ಹೋಗುತ್ತದೆ, ಬರುವುದಿಲ್ಲ. ಕೆಸರು ಅದನ್ನು ಚೀಪುತ್ತದೆ. ಬಾಂಡ್ಲಿ ತುಂಬಿ ತಲೆಯ ಮೇಲೆ ಎತ್ತಿದರೆ ಕಪ್ಪು ನೀರು ಕಣ್ಣಿಗೆ, ಬಾಯಿಗೆ, ಕುತ್ತಿಗೆಗೆ ಇಳಿಯುತ್ತದೆ. ಸಂಜೆಗೆ ಪಾದ ಬೆಳ್ಳಗೆ ಸುಕ್ಕಾಗಿ, ಒತ್ತಿದರೆ ಸತ್ತವರ ಪಾದದ ಹಾಗೆ ಇರುತ್ತಿತ್ತು. ಬೆರಳ ಸಂದಿ ಕೊಳೆತು ರಾತ್ರಿಯೆಲ್ಲ ಉರಿಯುತ್ತಿತ್ತು. ಬೇವಿನೆಣ್ಣೆ ಹಚ್ಚಿಕೊಂಡು ಮತ್ತೆ ಬೆಳಿಗ್ಗೆ ಇಳಿಯುತ್ತಿದ್ದೆವು. ಕೂಲಿ ಬೇಕಿತ್ತು, ಹೋದೆವು.

ಬಡಗಣ ಅರ್ಧ ಬಸಿದು ಹೋಯಿತು. ಗಿಡ ನೆಟ್ಟರು. ಮೊದಲು ಚೆನ್ನಾಗಿಯೇ ಬಂದವು. ಆಮೇಲೆ ನೆಲ ಕುಸಿಯತೊಡಗಿತು. ನೀರು ಹೋದ ಹಾಸಿಗೆ ಒಣಗಿ ಚಪ್ಪಟೆಯಾಯಿತು. ಗಿಡದ ಬೇರು ಮೇಲೆ ಕಂಡವು. ಗಿಡಗಳು ಕುಡಿದವರ ಹಾಗೆ ಒಂದರ ಕಡೆ ಒಂದು ವಾಲಿದವು. ಬೇಸಗೆಯಲ್ಲಿ ಯಾರದೋ ಬೀಡಿ ತುಂಡು ಬಿತ್ತು. ನೆಲವೇ ಹತ್ತಿಕೊಂಡಿತು. ಉರಿ ಇಲ್ಲ, ಬರೀ ಹೊಗೆ. ಒಳಗೊಳಗೇ ಬೆರಣಿಯ ಹಾಗೆ ಸುಡುತ್ತದೆ. ಮೇಲೆ ಹುಲ್ಲು ಇರುತ್ತದೆ, ಕೆಳಗೆ ಕೆಂಡ.

ನಮ್ಮ ಕೆಂದಿ ಕುರಿ ಅಲ್ಲಿ ಕಾಲಿಟ್ಟಿತು. ಮುಂಗಾಲು ಎರಡೂ ಬೂದಿಯೊಳಗೆ ಇಳಿದವು. ಅದರ ಕೂಗು ಕೇಳಿ ಓಡಿಹೋಗಿ ಹೆಗಲ ಮೇಲೆ ಹೊತ್ತುಕೊಂಡು ಬಂದೆ. ಗೊರಸು ಸುಟ್ಟ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಕೆಂದಿ ಗಟ್ಟಿ ಪ್ರಾಣಿ. ಬದುಕಿತು. ಕುಂಟುತ್ತಲೇ ಎರಡು ಮರಿ ಹಾಕಿದೆ. ಎರಡೂ ನೆಟ್ಟಗೆ ಓಡುತ್ತವೆ.

ಇಷ್ಟಾದ ಮೇಲೂ ಕಂಪನಿ ತೆಂಕಣ ಅರ್ಧಕ್ಕೆ ಕೈ ಹಾಕಿತು. ನೀರು ಹುಟ್ಟುವುದೇ ಆ ಕಡೆ. ಕಾಲುವೆ ನಮ್ಮ ಕೈಯಿಂದಲೇ ತೋಡಿಸಿ ಆಗಿತ್ತು. ಕಾಲುವೆಗೂ ಕೆಳಗಿನ ಹಳ್ಳಕ್ಕೂ ನಡುವೆ ಒಂದು ಗಟ್ಟಿ ನೆಲದ ದಂಡೆ ಮಾತ್ರ ಉಳಿದಿತ್ತು. ಗಟ್ಟಿ ನೆಲ ಆದ್ದರಿಂದ ಅದನ್ನು ಒಡೆಯುವುದು ಜೆಸಿಬಿ ಕೆಲಸ. ಅದೊಂದು ಬಾಯಿ ಒಡೆದರೆ ಜೌಗು ಹಳ್ಳಕ್ಕೆ, ಹಳ್ಳ ಹಿನ್ನೀರಿಗೆ. ಆಮೇಲೆ ಒರತೆ ಬತ್ತುತ್ತದೆ. ಒರತೆ ಬತ್ತಿದರೆ ಹಟ್ಟಿ ಎತ್ತಬೇಕು.

ಕೇಳೋಣ ಅಂತ ಆಫೀಸಿಗೆ ಹೋದೆವು. ಮ್ಯಾನೇಜರ್ ಬಸವೇಶ್ ದುರ್ಗದವನು, ಸಣ್ಣ ವಯಸ್ಸು. ಕೂಗಾಡುವ ಮನುಷ್ಯ ಅಲ್ಲ. ಕುರ್ಚಿ ಕೊಡುವ ಮನುಷ್ಯನೂ ಅಲ್ಲ.

"ನಿಮಗೆ ಬೋರ್ ಹಾಕಿಸಿಕೊಡ್ತೀವಿ ಅಮ್ಮ. ಆಯ್ತಲ್ಲ?"

"ಬೋರ್ ನೀರು ಕುಡಿಬೋದು ಸಾರ್" ಅಂದೆ. "ಕುರಿ ಅದನ್ನ ಮೇಯ್ತಾವಾ?"

ಅವನು ನಕ್ಕ. ನಗು ಚೆನ್ನಾಗಿತ್ತು. ನಗುತ್ತಲೇ ಮುಂದಿನ ಫೈಲು ತೆರೆದ.

ಅದಾದ ಮೇಲೆ ಅವನೇ ಹಟ್ಟಿಗೆ ಬಂದ. ಬಾಯಿ ಒಡೆಯುವುದಕ್ಕೆ ಒಂದು ಸಮಾರಂಭ ಮಾಡುತ್ತಾರಂತೆ. ದುರ್ಗದಿಂದ ಸಾಹೇಬರು ಬರುತ್ತಾರಂತೆ. ಊರಿನವರು ಒಪ್ಪಿದ್ದಾರೆ ಅಂತ ತೋರಿಸಲು ಫೋಟೋ ಬೇಕಂತೆ. ಹಟ್ಟಿಯ ಯಜಮಾನ ತಿಮ್ಮರಾಯಪ್ಪ ನನ್ನ ಗಂಡನ ಅಣ್ಣ, ನನಗೆ ಭಾವ. ಬಸವೇಶ್ ಅವರ ಮುಂದೆ ಕೂತು ಬೆಲ್ಲದ ಹಾಗೆ ಮಾತಾಡಿದ.

"ದೊಡ್ಡ ದೊಡ್ಡವರಿಗೆಲ್ಲ ನೀವು ಕಂಬಳಿ ಹೊದಿಸಿ ಸನ್ಮಾನ ಮಾಡ್ತೀರಲ್ಲ ಯಜಮಾನ್ರೇ. ನಮಗೂ ಒಂದು."

ಭಾವ ಗಡ್ಡ ಕೆರೆದುಕೊಂಡರು. "ಆಗ್ಲಿ ಸಾರ್. ಅದಕ್ಕೇನಂತೆ."

ನನಗೆ ಮೈ ಉರಿಯಿತು. ಅವನು ಹೋಗುವ ತನಕ ತಡೆದುಕೊಂಡೆ. ಆಮೇಲೆ ತಡೆಯಲಿಲ್ಲ.

"ಏನ್ ಭಾವ, ನಾಚ್ಕೆ ಆಗಲ್ವಾ? ನಮ್ ನೀರು ಕಡಿಯೋನಿಗೆ ನಮ್ ಕಂಬಳೀನಾ?"

"ಕೇಳಿದ್ರು. ಇಲ್ಲ ಅನ್ನಾಕೆ ಆಯ್ತದಾ?"

"ನಾಳೆ ನಿಮ್ ಪೇಟ ಕೇಳ್ತಾರೆ. ಕೊಡ್ರಿ."

"ಪೇಟ ಹಳೇದಾಗೈತೆ" ಅಂದು ಭಾವ ಎದ್ದು ಕುರಿ ಕಡೆ ಹೋದರು. ನಾಗಶ್ರೀ ಅವರ ಬೆನ್ನಿಗೆ ಕೇಳಿಸುವ ಹಾಗೆ, "ದೊಡ್ಡಮಾವಂಗೆ ವಯಸ್ಸಾಯ್ತು ಅತ್ತೆ. ಕೊಂಬು ಮೆತ್ತಗಾಗೈತೆ" ಅಂದಳು. ಅವರು ತಿರುಗಿ ನೋಡಲಿಲ್ಲ. ಆ ದಿನದಿಂದ ನಾನು ಅವರ ಮನೆಗೆ ಮಜ್ಜಿಗೆ ಕಳಿಸುವುದನ್ನು ನಿಲ್ಲಿಸಿದೆ.

ಸಮಾರಂಭದ ದಿನ ಜೆಸಿಬಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಶಾಮಿಯಾನ, ಕುರ್ಚಿ, ಮೈಕು, ದೊಡ್ಡ ಪಾತ್ರೆಯಲ್ಲಿ ಕೇಸರಿಬಾತು. ನಮ್ಮನ್ನು ಶಾಮಿಯಾನದ ಹಿಂದೆ ಬಿಸಿಲಿಗೆ ನಿಲ್ಲಿಸಿದ್ದರು, ಕೈಯಲ್ಲಿ ಬಾಂಡ್ಲಿ. ಜೆಸಿಬಿ ಬಾಯಿ ಒಡೆದ ಕೂಡಲೇ ಮಣ್ಣು ಎತ್ತುವುದು ನಮ್ಮ ಪಾಲು. ಕೇಸರಿಬಾತು ಮಿಕ್ಕಿದರೆ ಅದೂ ನಮ್ಮ ಪಾಲು ಅಂತ ಏಕಾಂತಪ್ಪ ಹೇಳಿದ್ದ. ಕೆಲಸ ಇಲ್ಲದ ನಾಗಶ್ರೀ ಸುಮ್ಮನೆ ನೋಡಲು ಬಂದಿದ್ದಳು.

ಭಾವ ಬಂದರು. ಹೆಗಲ ಮೇಲೆ ಹೊಸ ಕರಿ ಕಂಬಳಿ, ಕೈಯಲ್ಲಿ ಭಂಡಾರದ ಚೀಲ. ಬಸವೇಶ್ ಎದ್ದು ಹೆಗಲು ಬಗ್ಗಿಸಿ ನಿಂತ. ಫೋಟೋದವನು ಮಂಡಿಯೂರಿದ. ಭಾವ ಅವನ ಪಕ್ಕದಲ್ಲೇ ಹಾದು ಮುಂದೆ ಹೋದರು. ಜೆಸಿಬಿಯ ಬಕೆಟ್ಟಿನ ಕೆಳಗೆ, ಒಡೆಯಬೇಕಾದ ದಂಡೆಯ ಮೇಲೆಯೇ ಕಂಬಳಿ ಬಿಡಿಸಿ ಹಾಸಿದರು. ನಾಲ್ಕೂ ಮೂಲೆ ಜಗ್ಗಿ ಸರಿ ಮಾಡಿದರು.

"ಬರ್ರಿ ಸಾರ್, ಕುಂತ್ಕಳ್ರಿ. ನಮ್ಮಾಗೆ ದೊಡ್ಡ ಮರ್ಯಾದೆ ಅಂದ್ರೆ ಇದೇ. ಶೂ ಬಿಚ್ಚಿ ಬರ್ರಿ."

ಬಸವೇಶ್ ಖುಷಿಯಾಗಿ ಶೂ ಬಿಚ್ಚಿದ. ಕಾಲುಚೀಲ ಹರಿದು ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಚಕ್ಕಂಬಕ್ಕಲ ಹಾಕಿ ಕೂತ. ಭಾವ ಅವನ ಹಣೆಗೆ ಭಂಡಾರ ಬಳಿದರು. ಫೋಟೋ ಆಯಿತು, ಚಪ್ಪಾಳೆ ಆಯಿತು. ಭಾವ ಎದುರಿಗೆ ಬರೀ ನೆಲದ ಮೇಲೆ ಕೂತರು. ಜನರ ಕಡೆ ತಿರುಗಿ ಒಂದೇ ಮಾತು ಕೇಳಿದರು.

"ಗದ್ದಿಗೆ ಹಾಸೈತೆ. ದೂರು ಯಾರ್ದು?"

ನಾನು ಶಾಮಿಯಾನದ ಹಿಂದಿನಿಂದ ಕತ್ತು ಚಾಚಿದೆ.

ನಮ್ಮ ಹಟ್ಟಿಯಲ್ಲಿ ಹೊಲದ ಜಗಳ, ಕುರಿಯ ಜಗಳ, ಗಂಡಹೆಂಡಿರ ಜಗಳ ಯಾವುದೇ ಬಂದರೂ ಕಂಬಳಿ ಗದ್ದಿಗೆ ಹಾಸುತ್ತಾರೆ. ಗದ್ದಿಗೆಯ ಮೇಲೆ ಕೂತವನು ದೂರು ಪೂರ್ತಿ ಕೇಳಬೇಕು, ಉತ್ತರ ಹೇಳಬೇಕು. ನ್ಯಾಯ ಮುಗಿಯುವ ತನಕ ಆ ನೆಲಕ್ಕೆ ನೇಗಿಲು, ಗುದ್ದಲಿ ತಾಗುವುದಿಲ್ಲ. ಹಾಸಿದ ಕೈಯೇ ಅದನ್ನು ಎತ್ತಬೇಕು. ಬೇರೆ ಯಾರೂ ಮುಟ್ಟುವುದಿಲ್ಲ. ಗೊತ್ತಿಲ್ಲದೆ ಕೂತೆ ಅಂದರೂ ಕೂತದ್ದು ಕೂತದ್ದೇ. ಹೊದಿಸುತ್ತೇನೆ ಅಂತ ಭಾವ ಯಾವತ್ತೂ ಹೇಳಿರಲಿಲ್ಲ. ಆಗಲಿ ಅಂದಿದ್ದರು, ಅಷ್ಟೇ. ನಿಲ್ಲಿಸಿದ ಮಜ್ಜಿಗೆ ನೆನಪಾಗಿ ನನಗೆ ನಗು ಉಕ್ಕಿತು.

ಆದರೆ ಯಾರೂ ಬಾಯಿ ಬಿಡಲಿಲ್ಲ. ಭಾವ ಗಂಡಸರನ್ನು ನೋಡಿದರು. ಗಂಡಸರು ನೆಲ ನೋಡಿದರು. ಕಂಪನಿಯಲ್ಲಿ ಒಬ್ಬನ ತಮ್ಮ ವಾಚ್‌ಮನ್, ಇನ್ನೊಬ್ಬನ ಅಳಿಯ ಟ್ರ್ಯಾಕ್ಟರ್ ಓಡಿಸುತ್ತಾನೆ. ಹೆಂಗಸರು ಮಾತಾಡುವ ಹಾಗಿಲ್ಲ. ನಮ್ಮ ದೂರು ಇದ್ದರೆ ಗಂಡನೋ ಅಣ್ಣನೋ ಮಗನೋ ಹೇಳಬೇಕು. ಗದ್ದಿಗೆಯ ಮೇಲೆ ಕೂರುವುದಂತೂ ಕನಸಿನ ಮಾತು. ನನ್ನ ಗಂಡ ತೀರಿಕೊಂಡು ವರ್ಷಗಳಾದವು. ಮಗ ಮಾರುತೇಶ್ ಮಂದೆಯ ಜೊತೆ ಹೊಳಲ್ಕೆರೆ ಕಡೆ ಹೋಗಿದ್ದ. ಬಸವೇಶ್ ಇನ್ನೇನು ಏಳಲು ಕೈಯೂರಿದ್ದ.

ನಾನು ಬಾಂಡ್ಲಿ ಕೆಳಗಿಟ್ಟು ಮುಂದೆ ಬಂದೆ.

"ದೂರು ನಂದು."

"ಏ, ಹೆಂಗಸ್ರು ಗದ್ದಿಗೆ ಮುಂದೆ ಮಾತಾಡಂಗಿಲ್ಲ ಕಣಮ್ಮ" ಅಂತ ಹಿಂದಿನಿಂದ ಚಿಕ್ಕತಿಮ್ಮಪ್ಪ ಅಂದ. ಹಟ್ಟಿಯಲ್ಲಿ ರೂಢಿಯ ಮಾತು ಎತ್ತುವವನು ಯಾವಾಗಲೂ ಅವನೇ.

"ಜೌಗಿನಾಗೆ ತೊಡಿಗಂಟ ಇಳ್ದು ತೋಡಿದ್ದು ಯಾರು, ನೀನಾ?" ಅಂತ ನಾಗಶ್ರೀ ಕೇಳಿದಳು. "ಎಲ್ಲಿ, ನಿನ್ ಪಾದ ತೋರ್ಸು."

ಚಿಕ್ಕತಿಮ್ಮಪ್ಪ ಪಾದ ತೋರಿಸಲಿಲ್ಲ. ಭಾವ ನನ್ನ ಕಡೆ ನೋಡಿ, "ಹೇಳವ್ವ" ಅಂದರು.

ಹೇಳಿದೆ. ಭಾಷಣ ನನಗೆ ಬರುವುದಿಲ್ಲ.

"ಸಾರ್, ಬಡಗಣ ಕಡೆ ನೀರು ಬಸ್ದೆವು. ನೆಲ ಕುಂತೋತು. ನಿಮ್ ಗಿಡ ಬಗ್ದವೆ, ನಮ್ ಕುರಿ ಕಾಲು ಸುಟ್ಟೈತೆ. ಅಲ್ಲಿ ಇನ್ನೂ ಹೊಗೆ ಐತೆ. ಈಗ ತೆಂಕಣದ್ದೂ ಬಸೀರಿ ಅಂತೀರಿ. ಇದು ಹೋದ್ರೆ ನಮ್ಗೆ ನೀರಿಲ್ಲ. ನಾವು ಕೂಲಿ ಮಾಡಾಕೆ ಬಂದಿದ್ವಿ. ನಮ್ ಮನೆ ನಾವೇ ಕೆಡವಾಕೆ ಕೂಲಿ ಕೊಡ್ತೀರಿ ಅಂತ ಗೊತ್ತಿರಲಿಲ್ಲ. ಇವತ್ತು ಗೊತ್ತಾಗೈತೆ. ನಾ ಇನ್ನ ಒಂದು ಸಲಿಕೇನೂ ಹಾಕಲ್ಲ."

ಬಾಂಡ್ಲಿ ಎತ್ತಿ ದಂಡೆಯ ಮೇಲೆ ಒಗೆದೆ. ಅದು ಉರುಳಿ ಹೋಗಿ ಸಾಹೇಬರ ಕುರ್ಚಿಯ ಕಾಲಿಗೆ ಬಡಿದು ಠಣ್ ಅಂದಿತು. ನನ್ನ ಪಕ್ಕದ ಮಲ್ಲಕ್ಕ ತನ್ನದು ಒಗೆದಳು. ಆಮೇಲೆ ಒಂದರ ಹಿಂದೆ ಒಂದು. ಮೈಕಿನಲ್ಲಿ ಆ ಸದ್ದು ಗುಡ್ಡಕ್ಕೆ ಹೋಗಿ ವಾಪಸ್ ಬಂತು.

ಬಸವೇಶ್ ಎದ್ದು ನಿಂತ. ಭಂಡಾರದ ಹಣೆಯಲ್ಲಿ ಬೆವರು ಅರಿಶಿನವಾಗಿ ಇಳಿಯುತ್ತಿತ್ತು. "ಆಯ್ತು, ಆಯ್ತು. ನಿಮ್ಮ ಮನವಿ ಕೇಳಿದ್ದೀವಿ. ತಿಮ್ಮೇಶ್, ಸ್ಟಾರ್ಟ್ ಮಾಡಪ್ಪ."

ಜೆಸಿಬಿ ಓಡಿಸುವ ತಿಮ್ಮೇಶ್ ಐಮಂಗಲದ ಹುಡುಗ, ನಮ್ಮವನೇ. ಅವನು ಕೀ ತೆಗೆದು ಜೇಬಿಗೆ ಹಾಕಿಕೊಂಡು ಕೆಳಗಿಳಿದ.

"ಸಾರ್, ಗದ್ದಿಗೆ ಎತ್ತಿಸ್ರಿ, ಒಡೀತೀನಿ. ಗದ್ದಿಗೆ ಮೇಲೆ ಗಾಡಿ ಹತ್ತಿಸಿದ್ರೆ ನಮ್ಮವ್ವ ಮುದ್ದೆ ಹಾಕಲ್ಲ. ಸಂಬ್ಳ ನೀವು ಕೊಡ್ತೀರಿ, ಮುದ್ದೆ ಅವಳೇ ಅಲ್ವಾ ಹಾಕೋದು?"

"ಯಜಮಾನ್ರೇ, ಎತ್ರಿ ಇದನ್ನ."

"ನ್ಯಾಯ ಮುಗೀಲಿ ಸಾರ್" ಅಂದರು ಭಾವ.

"ಯಾವಾಗ ಮುಗಿಯುತ್ತೆ?"

"ನೀವು ಉತ್ರ ಹೇಳಿದ್ ಮೇಲೆ. ಅವಸ್ರ ಏನಿಲ್ಲ, ನಿಧಾನ ಯೋಚ್ನೆ ಮಾಡ್ರಿ. ಬಿಸ್ಲು ಏರ್ತು, ನಾನು ಕುರಿ ಬಿಡ್ಬೇಕು." ಭಾವ ಧೂಳು ಕೊಡವಿಕೊಂಡು ಹೊರಟೇಹೋದರು.

"ಏಕಾಂತಪ್ಪ, ನೀನಾದರೂ ತೆಗಿ."

ಏಕಾಂತಪ್ಪ ಒಂದು ಹೆಜ್ಜೆ ಮುಂದಿಟ್ಟ, ಎರಡು ಹೆಜ್ಜೆ ಹಿಂದಿಟ್ಟ. "ನನ್ ಹೊಲದಾಗೆ ಮಂದೆ ನಿಲ್ಸೋರು ಇವ್ರೇ ಸಾರ್. ಕುರಿಗೊಬ್ರ ಇಲ್ದಿದ್ರೆ ನನ್ ಈರುಳ್ಳಿ ಬೆಳ್ಳುಳ್ಳಿ ಗಾತ್ರ ಬರ್ತವೆ."

ಸಾಹೇಬರು ಅಷ್ಟರಲ್ಲಿ ಕೇಸರಿಬಾತು ಮುಗಿಸಿ ಕಾರು ಹತ್ತಿದ್ದರು. ಮಿಕ್ಕಿದ್ದು ಬಹಳ ಇತ್ತು. ತುಪ್ಪ ಕಡಿಮೆ, ಆದರೂ ತಿಂದೆವು.

ಕಂಬಳಿ ಅಲ್ಲೇ ಉಳಿಯಿತು. ಹಾರ ಹಾಕಿಕೊಂಡ ಜೆಸಿಬಿಯೂ ಮದುವೆ ಮುರಿದ ಗಂಡಿನ ಹಾಗೆ ಅದರ ಮುಂದೆ ನಿಂತೇ ಇತ್ತು. ಕಂಪನಿಯವರು ಆದಿವಾಲದ ಕಡೆಯಿಂದ ಬೇರೆ ಕೂಲಿಯವರನ್ನು ಟ್ರ್ಯಾಕ್ಟರಿನಲ್ಲಿ ಕರೆಸಿದರು. ಅವರಲ್ಲಿ ಅರ್ಧ ಜನ ನಮಗೆ ನೆಂಟರು. ಇಳಿದರು, ಕಂಬಳಿ ನೋಡಿದರು, ಮನೆಮಂದಿಯ ಯೋಗಕ್ಷೇಮ ಕೇಳಿದರು, ಮುದ್ದೆ ಉಂಡರು, ಅದೇ ಟ್ರ್ಯಾಕ್ಟರಿನಲ್ಲಿ ವಾಪಸ್ ಹೋದರು. ನಾವು ಹೆಂಗಸರು ಸರದಿಯ ಮೇಲೆ ಅಲ್ಲಿ ಕಾವಲು ಕೂತೆವು. ಕೂಲಿ ಇಲ್ಲ, ಬಿಸಿಲು ಇದೆ. ಉಣ್ಣೆ ನೂಲುತ್ತಾ, ತಲೆ ನೋಡುತ್ತಾ, ಗಂಡಂದಿರನ್ನು ಆಡಿಕೊಳ್ಳುತ್ತಾ ಕೂತೆವು. ಇಷ್ಟು ವರ್ಷ ಅದೇ ಜೌಗಿನಲ್ಲಿ ಒಟ್ಟಿಗೆ ಇದ್ದರೂ ಹೀಗೆ ಕೂತಿರಲಿಲ್ಲ. ಪಾದದ ಬಿರುಕು ಮಾಯ್ದವು.

ಸುದ್ದಿ ಹಬ್ಬಿತು. ಯಾರೋ ಬಂದು ಕಂಬಳಿಯ ಮುಂದೆ ಕಾಯಿ ಒಡೆದರು. ಇನ್ನೊಬ್ಬರು ಊದುಬತ್ತಿ ಹಚ್ಚಿದರು. ಹರಕೆ ಹೊತ್ತವರು ಬಂದರು. ಒಬ್ಬ ಮಂಡಕ್ಕಿ ಗಾಡಿ ತಂದು ನಿಲ್ಲಿಸಿದ. ಆಗ ಏಕಾಂತಪ್ಪನ ತಲೆ ಓಡಿತು. ಹಟ್ಟಿಯ ಗಂಡಸರನ್ನು ಸೇರಿಸಿ, "ಇಲ್ಲೇ ಒಂದು ಗುಡಿ ಕಟ್ಟಾಣ" ಅಂದ. "ಕಮಿಟಿ ಮಾಡಾಣ. ಗುಡಿ ಎದ್ ಮೇಲೆ ಯಾವ ಕಂಪ್ನೀನೂ ಮುಟ್ಟಂಗಿಲ್ಲ. ಅಧ್ಯಕ್ಷ ಬೇಕಾದ್ರೆ ನಾನೇ ಆಗ್ತೀನಿ."

ಗಂಡಸರಿಗೆ ಇದು ಬಹಳ ಹಿಡಿಸಿತು. ದೂರು ಹೇಳಲು ಬಾಯಿ ಬರದವರು ಗುಡಿಯ ಬಾಗಿಲು ಯಾವ ದಿಕ್ಕಿಗಿರಬೇಕು ಅಂತ ಜಗಳ ಆಡಿದರು. ಭಾವ ಕೂಡ ಗಡ್ಡ ಕೆರೆದುಕೊಂಡರು.

"ಗುಡಿ ಕಟ್ಟಾಕೆ ಜೌಗಿಗೆ ಮಣ್ಣು ತುಂಬ್ಬೇಕು" ಅಂದಳು ನಾಗಶ್ರೀ. "ಆಮೇಲೆ ಮೆಟ್ಲು. ಆಮೇಲೆ ಕಾರು ನಿಲ್ಸಾಕೆ ಜಾಗ. ಆಮೇಲೆ ಚಪ್ಲಿ ಬಿಡಾಕೆ ಒಂದು ಶೆಡ್ಡು."

"ಆಮೇಲೆ ನಮ್ಮುನ್ನ ಮೆಟ್ಲಿನ ಕೆಳಗೆ ನಿಲ್ಸಾದು" ಅಂದಳು ಮಲ್ಲಕ್ಕ.

"ದೇವ್ರ ವಿಷ್ಯ ಕಣ್ರಮ್ಮ, ಹಗುರ ಮಾತಾಡಬ್ಯಾಡ್ರಿ" ಅಂದ ಚಿಕ್ಕತಿಮ್ಮಪ್ಪ.

"ನಮ್ದು ನೀರಿನ ವಿಷ್ಯ" ಅಂದೆ. "ಕಂಪ್ನಿಯೋರು ಬಸ್ದು ಒಣಗಿಸ್ತಾರೆ, ನೀವು ತುಂಬಿ ಒಣಗಿಸ್ತೀರಿ. ನಂಗೆ ಎಲ್ಡೂ ಒಂದೇ. ದೇವ್ರಿಗೆ ಜಾಗ ಬೇಕಾದ್ರೆ ಗುಡ್ಡ ಐತೆ, ಗಾಳಿ ಚೆನ್ನಾಗೈತೆ. ಇಲ್ಲಿ ಒಂದು ಕಲ್ಲು ತಂದಿಟ್ರೂ ಎತ್ತಿ ಹಳ್ಳಕ್ಕೆ ಹಾಕ್ತೀವಿ."

ಅವತ್ತು ಬಂದ ಕಾಯಿಗಳನ್ನೆಲ್ಲ ಹಟ್ಟಿಗೆ ಹೊತ್ತುಕೊಂಡು ಹೋಗಿ ಚಟ್ನಿ ರುಬ್ಬಿದೆವು. ಮಾರನೇ ದಿನವೂ ರುಬ್ಬಿದೆವು. ದೇವರ ಕಾಯಿ ಚಟ್ನಿಯಾಗುವುದನ್ನು ನೋಡಿ ಭಕ್ತರು ಕಡಿಮೆಯಾದರು. ಮಂಡಕ್ಕಿ ಗಾಡಿಯವನು ಮಾತ್ರ ಉಳಿದ. ಅವನಿಗೆ ನಾವೇ ಗಿರಾಕಿ.

ಇಷ್ಟರಲ್ಲಿ ಬಡಗಣ ಹೊಗೆ ದೊಡ್ಡದಾಯಿತು. ಇಷ್ಟು ದಿನ ಒಂದು ಮೂಲೆಯಲ್ಲಿದ್ದದ್ದು ಗಿಡದ ಸಾಲಿನೊಳಗೆ ಬಂತು. ನಿಂತ ಗಿಡ ಬುಡ ಸುಟ್ಟು ಮೆಲ್ಲಗೆ ಮಲಗುತ್ತಿತ್ತು. ಹೊಸದುರ್ಗದಿಂದ ಬೆಂಕಿ ನಂದಿಸುವ ಗಾಡಿ ಬಂತು. ಅದರ ನೀರೆಲ್ಲ ಸುರಿದರು. ಹೊಗೆ ನಿಂತಿತು. ಎಲ್ಲರೂ ಟೀ ಕುಡಿದರು. ಮರುದಿನ ಬೆಳಿಗ್ಗೆ ಹೊಗೆ ಮತ್ತೆ ಎದ್ದಿತ್ತು. ಮೇಲೆ ಸುರಿದ ನೀರು ಎಷ್ಟು ಹೊತ್ತು ನಿಲ್ಲುತ್ತದೆ? ಬಸಿದು ಹೋಗಲಿ ಅಂತಲೇ ಅಲ್ಲವೇ ಕಾಲುವೆ ತೋಡಿದ್ದು.

ಬಸವೇಶ್ ನಡೆದುಕೊಂಡು ಹಟ್ಟಿಗೆ ಬಂದ. ಕಣ್ಣು ಕೆಂಪಗಿದ್ದವು. ಪ್ಯಾಂಟು ಮಂಡಿಯ ತನಕ ಬೂದಿ. ನಾನು ಚಾಪೆ ಹಾಕಿ ಮಜ್ಜಿಗೆ ಕೊಟ್ಟೆ. ಗಟಗಟ ಕುಡಿದ.

"ಅಮ್ಮ, ಕಾಲುವೆ ಮುಚ್ಚಿದರೆ ಮಾತ್ರ ಬೆಂಕಿ ಆರುತ್ತೆ. ನೀರು ಒಳಗೇ ನಿಲ್ಲಬೇಕು. ಜೆಸಿಬಿ ಇಳಿಯೋದಿಲ್ಲ. ನೀವೇ ಇಳಿಯಬೇಕು."

"ಬಡಗಣದ್ದು ಮುಚ್ಚಾದು, ತೆಂಕಣದ್ದು ಒಡೆಯಾದು. ಹಂಗಾ ಸಾರ್?"

ಅವನು ಲೋಟದೊಳಗೆ ನೋಡಿದ. "ಮೇಲಿನವರಿಗೆ ಹೊಗೆಯ ಫೋಟೋ ಕಳಿಸಿದ್ದೀನಿ. ಈಗ ನೆಟ್ಟಿರೋ ಗಿಡದಲ್ಲಿ ಅರ್ಧ ಉಳಿಯಬೇಕು ಅಂದರೂ ಇದೇ ದಾರಿ ಅಂತ ಹೇಳಿದ್ದೀನಿ. ತೆಂಕಣದ ತಂಟೆ ಬೇಡ ಅಂದ್ರು. ಅವರಿಗೂ ಹೆದರಿಕೆ ಆಗಿದೆ."

"ಈ ಮಾತು ನನ್ ಅಡಿಗೆಮನೆ ಮುಂದೆ ಹೇಳಿದ್ರೆ ಬೆಲೆ ಇಲ್ಲ ಸಾರ್. ದಂಡೆ ತಾವ ಹೋಗಾಣ ನಡೀರಿ."

ಹೋದೆವು. ಭಾವನನ್ನು ಕರೆಸಿದೆವು. ಈ ಸಲ ಬಸವೇಶ್ ಯಾರೂ ಹೇಳದೆ ಶೂ ಬಿಚ್ಚಿದ. ಏನಕ್ಕೆ ಕೂರುತ್ತಿದ್ದೇನೆ ಅಂತ ಗೊತ್ತಿದ್ದೇ ಕೂತ. ಫೋಟೋದವನು ಇರಲಿಲ್ಲ.

"ಬಾಯಿ ಒಡೆಯೋದಿಲ್ಲ" ಅಂದ. "ಬಡಗಣ ಕಾಲುವೆ ಮುಚ್ಚಿಸ್ತೀನಿ."

"ತೋಡಿದ್ದಕ್ಕೆ ಏನು ಕೂಲಿನೋ ಮುಚ್ಚಾಕೂ ಅದೇ ಕೂಲಿ" ಅಂದೆ.

"ಆಗಲಿ."

"ಮೇಸ್ತ್ರಿ ನಾಗಶ್ರೀ."

ಬಸವೇಶ್ ಏಕಾಂತಪ್ಪನನ್ನು ನೋಡಿದ. ಏಕಾಂತಪ್ಪ ಆಕಾಶ ನೋಡಿದ. "ಆಗಲಿ" ಅಂದ ಬಸವೇಶ್.

ಮತ್ತೆ ಇಳಿದೆವು. ತೋಡಿ ದಂಡೆಗೆ ಹಾಕಿದ್ದ ಕಪ್ಪು ಮಣ್ಣನ್ನೇ ಎಳೆದು ಎಳೆದು ಕಾಲುವೆಗೆ ತುಂಬಿದೆವು. ಜೊಂಡಿನ ಕಟ್ಟು ತುಳಿದು ತುಳಿದು ಒಡ್ಡು ಕೂರಿಸಿದೆವು. ಅದೇ ಬಾಂಡ್ಲಿ, ಅದೇ ಭಾರ, ಅದೇ ಕಪ್ಪು ನೀರು ಕಣ್ಣಿಗೆ. ಆದರೂ ಮಲ್ಲಕ್ಕ ಸೋಬಾನೆ ಹೇಳಿದಳು. ಏಕಾಂತಪ್ಪನಿಗೆ ನಾಗಶ್ರೀ ಒಂದು ಸಲಿಕೆ ಕೊಟ್ಟಳು. ಎರಡನೇ ಹೆಜ್ಜೆಗೇ ಅವನು ಸೊಂಟದ ತನಕ ಇಳಿದ. ನಾಲ್ಕು ಜನ ಕಂಕುಳಿಗೆ ಕೈಹಾಕಿ ಕಿತ್ತೆವು. ಅವನು ಬಂದ, ಪಂಚೆ ಬರಲಿಲ್ಲ. ಪಟಾಪಟಿ ಚಡ್ಡಿಯಲ್ಲಿ ನಿಂತು, "ಇಷ್ಟು ಆಳ ಐತೇನ್ರವ್ವಾ!" ಅಂದ. ಅಷ್ಟು ವರ್ಷ ದಂಡೆಯ ಮೇಲೆ ನಿಂತು ನಮ್ಮನ್ನು ಬೈದವನ ಬಾಯಿಂದ ಬಂದ ಮೊದಲನೇ ನ್ಯಾಯದ ಮಾತು ಅದು. ಅವನಿಗೆ ಮಲ್ಲಕ್ಕ ತನ್ನ ಟವೆಲ್ ಕೊಟ್ಟಳು.

ನೀರು ಹಿಂದಕ್ಕೆ ಬರತೊಡಗಿತು. ಅವಸರ ಇಲ್ಲದೆ, ಒಂದೊಂದೇ ಬಿರುಕು ತುಂಬುತ್ತಾ ಬಂತು. ಕೆಂಡ ಇದ್ದಲ್ಲಿ ಚುಸ್ಸ್ ಅಂತ ಬಿಳಿ ಹೊಗೆ ಎದ್ದಿತು, ಅಡಗಿತು. ಇನ್ನೊಂದು ಕಡೆ ಎದ್ದಿತು, ಅದೂ ಅಡಗಿತು. ಬಾತುಕೋಳಿಗಳು ಎಲ್ಲಿದ್ದವೋ, ಬಂದು ಇಳಿದವು.

ಬಡಗಣ ಹೊಗೆ ಪೂರ್ತಿ ಅಡಗಿದ ಮೇಲೆ ಎಲ್ಲರೂ ದಂಡೆಯ ಮೇಲೆ ಸೇರಿದೆವು. ಭಾವ ಹೊಸ ಪೇಟ ಸುತ್ತಿಕೊಂಡು ಬಂದಿದ್ದರು. ಬಸವೇಶ್ ಬಂದಿದ್ದ. ಗಂಡಸರೆಲ್ಲ ಮುಂದೆ ನಿಂತಿದ್ದರು. ಭಾವ ಕಂಬಳಿಯ ಮೂಲೆಗೆ ಕೈ ಹಾಕಿದರು.

"ನ್ಯಾಯ ಮುಗೀತು. ಗದ್ದಿಗೆ ಎತ್ತಾಣ."

"ಎತ್ತಬ್ಯಾಡ್ರಿ ಭಾವ" ಅಂದೆ.

ಎಲ್ಲರೂ ತಿರುಗಿದರು.

"ದೂರು ನಂದು. ಮುಗೀತು ಅಂತ ನಾನು ಹೇಳ್ಬೇಕು. ನಾನು ಹೇಳಿಲ್ಲ."

"ಇನ್ನೇನು ಉಳಿದಿದೆ ಅಮ್ಮ?" ಅಂದ ಬಸವೇಶ್. ಸುಸ್ತಾದ ದನಿ.

"ಇವತ್ತು ಒಡೆಯಲ್ಲ ಅಂದ್ರಿ. ಒಳ್ಳೇ ಮಾತು. ನಾಳೆ ನಿಮ್ಮುನ್ನ ಬೇರೆ ಕಡೆ ಕಳಿಸ್ತಾರೆ. ಹೊಸ ಮ್ಯಾನೇಜರ್ ಬತ್ತಾರೆ. ಅವ್ರಿಗೆ ಈ ಮಾತು ಯಾರು ಹೇಳಾದು? ಈ ಜಾಗ ಗುತ್ತಿಗೆಯಿಂದ ನಮ್ ಹಟ್ಟಿಗೆ ವಾಪಸ್ ಬರಗಂಟ ಗದ್ದಿಗೆ ಇಲ್ಲೇ ಇರ್ಲಿ."

"ಅದು ನನ್ನ ಕೈಯಲ್ಲಿಲ್ಲ."

"ಗೊತ್ತು ಸಾರ್. ಯಾರ ಕೈಯಾಗೈತೋ ಅವ್ರನ್ನ ಬರಾಕೆ ಹೇಳ್ರಿ. ಶೂ ಬಿಚ್ಚಿ ಬರಾಕೆ ಹೇಳ್ರಿ."

"ಉತ್ರ ಬಂದಾಯ್ತು. ಇನ್ನ ಅಲ್ಲಿಗಂಟ ಬರೀ ಕಂಬಳಿ ಹಿಂಗೇ ಬಿದ್ದಿರಾಕೆ ಆಯ್ತದಾ?" ಅಂದ ಚಿಕ್ಕತಿಮ್ಮಪ್ಪ. "ಗದ್ದಿಗೆ ಅಂದ್ರೆ ಯಾರಾದ್ರೂ ಕುಂತಿರ್ಬೇಕು."

ಸರಿಯಾದ ಮಾತು. ಕಾಲಿನ ಕೆಸರು ಹುಲ್ಲಿಗೆ ಒರೆಸಿಕೊಂಡೆ. ಕಂಬಳಿಯ ನಡುವೆ ಹೋಗಿ ಕೂತುಕೊಂಡೆ.

ಚಿಕ್ಕತಿಮ್ಮಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಭಾವ ನನ್ನನ್ನು ನೋಡಿದರು. ಆಮೇಲೆ ಹಿಡಿದಿದ್ದ ಮೂಲೆಯನ್ನು ಮೆಲ್ಲಗೆ ನೆಲಕ್ಕೆ ಬಿಟ್ಟರು, ಕೈಯಿಂದ ಸವರಿ ಸರಿ ಮಾಡಿದರು.

ಮಲ್ಲಕ್ಕ ಬಂದು ನನ್ನ ಎಡಕ್ಕೆ ಕೂತಳು. ಅವಳ ಹಿಂದೆ ಅವಳ ಓರಗಿತ್ತಿ ಬಂದಳು. ಕೆಸರಿಗೆ ಇಳಿದಿದ್ದವರು ಒಬ್ಬೊಬ್ಬರೇ ಬಂದು ಮಂಡಿಗೆ ಮಂಡಿ ತಾಗಿಸಿ ಕೂತರು. ನಾಗಶ್ರೀ ಕೊನೆಗೆ ಬಂದಳು. ಕಂಬಳಿಯ ಮೇಲೆ ಒಂದು ಗೇಣು ಜಾಗ ಇರಲಿಲ್ಲ.

"ಅತ್ತೆ, ಒಸಿ ಸರೀರಿ" ಅಂದಳು.

ಸರಿದು ಕೂತೆ.